ಫೆರ್ನಾಂದೊ ಸೋರನ ಗಿಟಾರು ಶಿಕ್ಷಣಗ್ರಂಥ: ಒಂದು ವಿಮರ್ಶೆ

೧

ಕೈಯಿಂದ ಕಲಿಯಬೇಕಾದ ವಿದ್ಯೆಯನ್ನು ಬರಹದಿಂದ ಕಲಿಸಬಹುದೇ ಎಂಬುದು ಹಳೆಯ ಪ್ರಶ್ನೆ. ಈಜು, ನೇಯಿಗೆ, ವಾದ್ಯವಾದನ ಮುಂತಾದುವು ಗುರುಮುಖದಿಂದಲೂ ಅಭ್ಯಾಸಬಲದಿಂದಲೂ ಬರತಕ್ಕವೇ ಹೊರತು ಪುಸ್ತಕಪಠನದಿಂದ ಬರತಕ್ಕವಲ್ಲವೆಂಬುದು ಲೋಕದ ಸಾಮಾನ್ಯಾಭಿಪ್ರಾಯ. ಆದರೂ ಇಂತಹ ವಿದ್ಯೆಗಳನ್ನು ಕುರಿತು ಗ್ರಂಥಗಳು ಹುಟ್ಟುತ್ತಲೇ ಬಂದಿವೆ. ಅವುಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಹೀಗೆ ಮಾಡತಕ್ಕದ್ದೆಂದು ವಿಧಿಸಿ ಸುಮ್ಮನಾಗುವ ಗ್ರಂಥಗಳು ಮೊದಲನೆಯ ಬಗೆ. ಹೀಗೇಕೆ ಮಾಡಬೇಕೆಂಬುದನ್ನು ಮೊದಲು ವಿಚಾರಿಸಿ, ಹೇತುವನ್ನು ಮುಂದಿಟ್ಟು, ಅನಂತರ ವಿಧಿಗೆ ಬರುವ ಗ್ರಂಥಗಳು ಎರಡನೆಯ ಬಗೆ. ಮೊದಲನೆಯವು ಎಲ್ಲ ಭಾಷೆಗಳಲ್ಲಿಯೂ ಹೇರಳವಾಗಿವೆ, ಎರಡನೆಯವು ವಿರಳ.

ಐರೋಪ್ಯ ವಾದ್ಯಸಾಹಿತ್ಯದಲ್ಲಿ ಈ ಎರಡನೆಯ ಬಗೆಗೆ ಸೇರಿದ ಗ್ರಂಥಗಳಲ್ಲಿ ಫೆರ್ನಾಂದೊ ಸೋರನೆಂಬ ಸ್ಪೇನ್ ದೇಶದ ವಾದಕನು ೧೮೩೦ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಗಿಟಾರು ಶಿಕ್ಷಣಗ್ರಂಥವು ಗಣ್ಯವಾದುದು. ೧೮೩೨ರಲ್ಲಿ ಮೆರಿಕ್ ಎಂಬವನು ಮಾಡಿದ ಇದರ ಇಂಗ್ಲಿಷ್ ಅನುವಾದವು ಲಂಡನ್ನಿನಲ್ಲಿ ಹೊರಬಂದಿತು. ಈ ಗ್ರಂಥವನ್ನು ಸಂಗೀತಗಾರರು ಉಪಯೋಗದ ದೃಷ್ಟಿಯಿಂದ ನೋಡುವುದು ಸಹಜ. ಆದರೆ ಗದ್ಯಕೃತಿಯೆಂದೂ ಶಾಸ್ತ್ರಗ್ರಂಥವೆಂದೂ ಇದನ್ನು ಪರೀಕ್ಷಿಸಿದರೆ, ವಾದ್ಯದ ಎಲ್ಲೆಯನ್ನು ಮೀರಿದ ಒಂದು ಪ್ರಶ್ನೆ ಇದರಲ್ಲಿ ಅಡಗಿರುವುದು ತೋರುತ್ತದೆ. ಗ್ರಂಥಕರ್ತನು ಕೊಟ್ಟ ವಿಧಿಗಳಲ್ಲಿ ಹಲವನ್ನು ಕಾಲವು ತಳ್ಳಿಹಾಕಿದೆ. ಆದರೂ ಗ್ರಂಥವು ಸತ್ತಿಲ್ಲ. ವಿಧಿಗಳು ಬಿದ್ದುಹೋದ ಮೇಲೆಯೂ ಒಂದು ಶಿಕ್ಷಣಗ್ರಂಥವು ನಿಲ್ಲುವುದಾದರೆ ಅದು ಯಾವುದರ ಬಲದಿಂದ ನಿಲ್ಲುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

೨

ಸೋರನು ೧೭೭೮ರಲ್ಲಿ ಬಾರ್ಸೆಲೋನಾ ನಗರದಲ್ಲಿ ಹುಟ್ಟಿದನು. ಮೊಂಟ್ಸೆರಾಟ್ ಬೆಟ್ಟದ ಕ್ರೈಸ್ತಮಠದ ಗಾಯನಶಾಲೆಯಲ್ಲಿ ಅವನ ಬಾಲ್ಯಶಿಕ್ಷಣವಾಯಿತು. ೧೭೯೭ರಲ್ಲಿ ಅವನ ಗೇಯನಾಟಕವೊಂದು ಬಾರ್ಸೆಲೋನಾದಲ್ಲಿ ಪ್ರಯೋಗವಾಯಿತು. ಫ್ರೆಂಚರು ಸ್ಪೇನನ್ನು ಆಕ್ರಮಿಸಿಕೊಂಡಾಗ ಅವರ ಪಕ್ಷದಲ್ಲಿ ಸೇರಿದ ಕಾರಣದಿಂದ ೧೮೧೩ರಲ್ಲಿ ದೇಶವನ್ನು ಬಿಡಬೇಕಾಯಿತು. ಅಲ್ಲಿಂದ ಮುಂದೆ ಪ್ಯಾರಿಸ್, ಲಂಡನ್, ಮಾಸ್ಕೋ ನಗರಗಳಲ್ಲಿದ್ದು, ಮತ್ತೆ ಪ್ಯಾರಿಸ್ಸಿಗೆ ಬಂದು, ೧೮೩೯ರಲ್ಲಿ ಅಲ್ಲಿಯೇ ಕಾಲವಾದನು. ಲಂಡನ್ನಿನಲ್ಲಿದ್ದಾಗ ಅವನು ರಚಿಸಿದ 'ಸಿಂಡ್ರೆಲಾ' ಎಂಬ ನೃತ್ಯರೂಪಕವು ೧೮೨೨ರಲ್ಲಿ ರಂಗವನ್ನೇರಿತು.

ಈ ಜೀವನವೃತ್ತವು ಇಲ್ಲಿ ಅಪ್ರಕೃತವಲ್ಲ. ಸೋರನು ಮೊದಲು ಸಂಗೀತರಚಕ, ಅನಂತರ ಗಿಟಾರುವಾದಕ. ಗಾಯನವನ್ನೂ ವಾದ್ಯವೃಂದವನ್ನೂ ಸ್ವರಸಂವಾದಶಾಸ್ತ್ರವನ್ನೂ ತಿಳಿದವನು ಗಿಟಾರನ್ನು ಕೈಗೆತ್ತಿಕೊಂಡಾಗ, ಅದು ಬೆರಳಿನ ಚಮತ್ಕಾರಕ್ಕೆ ಒದಗುವ ಯಂತ್ರವಾಗಿ ಕಾಣದೆ, ಅನೇಕ ಕಂಠಗಳು ಏಕಕಾಲದಲ್ಲಿ ಹಾಡುವ ಒಂದು ಚಿಕ್ಕ ಮೇಳವಾಗಿ ಕಂಡಿತು. ಗ್ರಂಥದ ಗುಣಗಳೂ ದೋಷಗಳೂ ಬಹುಮಟ್ಟಿಗೆ ಈ ದೃಷ್ಟಿಯಿಂದಲೇ ಹುಟ್ಟಿವೆ.

ಕಾಲದ ಸ್ಥಿತಿಯನ್ನೂ ಗಮನಿಸಬೇಕು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಗಿಟಾರಿಗೆ ಐದು ಜೋಡಿತಂತಿಗಳಿರುವುದು ವಾಡಿಕೆಯಾಗಿತ್ತು. ಆ ಶತಮಾನವು ಮುಗಿಯುವ ವೇಳೆಗೆ ಅವು ಆರು ಒಂಟಿತಂತಿಗಳಾಗಿ ಮಾರ್ಪಡತೊಡಗಿದುವು. ಹೊಸ ವಾದ್ಯಕ್ಕೆ ಹೊಸ ಶಿಕ್ಷಣಗ್ರಂಥಗಳು ಬೇಕಾದುವು. ನೇಪಲ್ಸ್ ನಗರದ ಕಾರುಲಿಯು ೧೮೧೦ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಪಾಠಮಾಲೆಯು ಪ್ರಚಾರಕ್ಕೆ ಬಂದಿತ್ತು. ಮ್ಯಾಡ್ರಿಡ್ಡಿನ ಅಗ್ವಾದೊ ೧೮೨೫ರಲ್ಲಿ ತನ್ನ 'ಗಿಟಾರುಶಾಲೆ'ಯನ್ನು ಹೊರತಂದನು. ಫ್ಲಾರೆನ್ಸಿನ ಕಾರ್ಕಾಸಿಯ ಪಾಠಮಾಲೆಯು ೧೮೩೬ರಲ್ಲಿ ಬಂದಿತು. ಸೋರನ ಗ್ರಂಥವು ಇವುಗಳ ನಡುವೆ ನಿಂತಿದೆ. ಆದರೆ ಇವುಗಳ ಜಾತಿಗೆ ಸೇರಿದುದಲ್ಲ. ಕಾರುಲಿ, ಕಾರ್ಕಾಸಿ ಇವರ ಪುಸ್ತಕಗಳನ್ನು ತೆರೆದರೆ ಕಣ್ಣಿಗೆ ಬೀಳುವುದು ಸ್ವರಲಿಪಿ. ಸೋರನ ಪುಸ್ತಕವನ್ನು ತೆರೆದರೆ ಕಣ್ಣಿಗೆ ಬೀಳುವುದು ವಾಕ್ಯಗಳು. ರೇಖಾಗಣಿತದ ಆಕೃತಿಗಳೂ ಕೈಗಳ ಚಿತ್ರಗಳೂ ಸ್ವರಗಳ ಉದಾಹರಣೆಗಳೂ ಉಂಟು. ಆದರೆ ಅವೆಲ್ಲವೂ ವಾಕ್ಯಗಳ ಸೇವೆಯಲ್ಲಿವೆ.

೩

ಗ್ರಂಥದ ಯೋಜನೆಯು ಕ್ರಮಬದ್ಧವಾಗಿದೆ. ಮೊದಲು ವಾದ್ಯದ ರಚನೆ, ಆಮೇಲೆ ಅದನ್ನು ಹಿಡಿಯುವ ಬಗೆ, ಬಲಗೈ, ಎಡಗೈ, ತಂತಿಯನ್ನು ಮೀಟುವ ರೀತಿ, ನಾದದ ಗುಣ, ದಂಡಿಯ ಜ್ಞಾನ, ಬೆರಳುಗಳ ವಿನಿಯೋಗ, ತೃತೀಯಾಂತರ ಷಷ್ಠಾಂತರಗಳು, ಉಪಸ್ವರಗಳು, ಗಾನಕ್ಕೆ ಸಹವಾದನ, ಕೊನೆಯಲ್ಲಿ ಉಪಸಂಹಾರ. ವಸ್ತುವಿನಿಂದ ಶರೀರಕ್ಕೆ, ಶರೀರದಿಂದ ನಾದಕ್ಕೆ, ನಾದದಿಂದ ಸಂಗೀತಕ್ಕೆ ಎಂಬ ಏರುಕ್ರಮ ಇಲ್ಲಿ ಸ್ಪಷ್ಟವಾಗಿದೆ.

ಸೋರನ ವಿಚಾರಪದ್ಧತಿಗೆ ವಾದ್ಯವನ್ನು ಹಿಡಿಯುವ ಬಗೆಯನ್ನು ಕುರಿತ ಪ್ರಕರಣವೇ ಒಳ್ಳೆಯ ನಿದರ್ಶನ. ಇತರರು ಹೀಗೆ ಹಿಡಿಯತಕ್ಕದ್ದೆಂದು ಒಂದು ಚಿತ್ರವನ್ನು ಕೊಟ್ಟು ಮುಂದೆ ಸಾಗುವ ಎಡೆಯಲ್ಲಿ ಇವನು ಪಿಯಾನೋ ವಾದ್ಯವನ್ನು ನೆನೆಯುತ್ತಾನೆ. ಪಿಯಾನೋ ನುಡಿಸುವವನು ಸ್ವರಪಟ್ಟಿಯ ನಡುವಿಗೆ ಎದುರಾಗಿ ಕುಳಿತುಕೊಳ್ಳುತ್ತಾನೆ. ಎರಡು ಕೈಗಳಿಗೂ ಸಮದೂರವಾಗಲೆಂಬುದೇ ಅದರ ಕಾರಣ. ಹಾಗಾದರೆ ಗಿಟಾರಿನಲ್ಲಿಯೂ ತಂತಿಯ ನಡುಭಾಗವು, ಎಂದರೆ ಹನ್ನೆರಡನೆಯ ಮೆಟ್ಟಿಲು, ಶರೀರದ ನಡುವಿಗೆ ಎದುರಾಗಿರಬೇಕು. ವಾದ್ಯವನ್ನು ತೊಡೆಯ ಮೇಲಿಟ್ಟರೆ ಅದು ಹಾಗೆ ನಿಲ್ಲದು; ಆದುದರಿಂದ ಮೇಜಿನ ಮೂಲೆಯ ಆಶ್ರಯವನ್ನು ಕೊಟ್ಟು ನಿಲ್ಲಿಸಬೇಕು. ಈ ತೀರ್ಮಾನವು ಇಂದಿನ ವಾದಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ತೀರ್ಮಾನಕ್ಕೆ ಒಯ್ಯುವ ದಾರಿಯಲ್ಲಿ ಒಂದು ಹೆಜ್ಜೆಯೂ ಮರೆಯಾಗಿಲ್ಲ. ಓದುವವನು ಯಾವ ಹೆಜ್ಜೆಯಲ್ಲಿ ಬೇಕಾದರೂ ನಿಂತು, ಇದು ಸರಿಯೇ ಎಂದು ಕೇಳಬಹುದು.

ಎಡಗೈಯ ವಿಚಾರವೂ ಹೀಗೆಯೇ. ಹೆಬ್ಬೆರಳನ್ನು ದಂಡಿಯ ಮೇಲಂಚಿನಿಂದ ಬಾಗಿಸಿ ದಪ್ಪತಂತಿಯನ್ನು ಅದರಿಂದಲೇ ಒತ್ತುವ ಅಭ್ಯಾಸವು ಆ ಕಾಲದಲ್ಲಿ ಬಳಕೆಯಲ್ಲಿತ್ತು. ಸೋರನು ಇದನ್ನು ಒಪ್ಪುವುದಿಲ್ಲ. ಹೆಬ್ಬೆರಳು ದಂಡಿಯ ಹಿಂಬದಿಯ ನಡುವಿನಲ್ಲಿ ನಿಂತು ಉಳಿದ ಬೆರಳುಗಳಿಗೆ ಎದುರೊತ್ತಾಗಿರಬೇಕು. ಹಾಗಿದ್ದಾಗ ಮಾತ್ರ ನಾಲ್ಕು ಬೆರಳುಗಳೂ ತಂತಿಗಳ ಮೇಲೆ ನೇರವಾಗಿ ಇಳಿಯುತ್ತವೆ. ಹೆಬ್ಬೆರಳು ಮೇಲಕ್ಕೆ ಬಂದೊಡನೆ ಅಂಗೈ ದಂಡಿಗೆ ಅಂಟಿಕೊಂಡು ಬೆರಳುಗಳ ನಿಲುಕು ಕುಗ್ಗುತ್ತದೆ. ಶಾಸ್ತ್ರೀಯ ಪದ್ಧತಿಯ ಶಿಕ್ಷಕರು ಇಂದಿಗೂ ಈ ವಿಧಿಯನ್ನು ಬಿಟ್ಟಿಲ್ಲ.

೪

ನಾದವನ್ನು ಕುರಿತ ಪ್ರಕರಣವು ಗ್ರಂಥದ ಸಾರವೆನ್ನಬಹುದು. ತಂತಿಯನ್ನು ಎಲ್ಲಿ ಮೀಟಬೇಕೆಂಬುದಕ್ಕೆ ಸೋರನು ಅಳತೆಯನ್ನೇ ಕೊಡುತ್ತಾನೆ. ಸಾಮಾನ್ಯವಾಗಿ ಕುದುರೆಯಿಂದ ತಂತಿಯ ಹತ್ತನೆಯ ಒಂದು ಪಾಲಿನಷ್ಟು ದೂರದಲ್ಲಿ. ನಾದವು ಮೃದುವಾಗಿಯೂ ದೀರ್ಘವಾಗಿಯೂ ಬೇಕಾದಾಗ ಎಂಟನೆಯ ಒಂದು ಪಾಲಿನಷ್ಟು ದೂರದಲ್ಲಿ. ಗಟ್ಟಿಯಾಗಿ ಬೇಕಾದಾಗ ಕುದುರೆಗೆ ಇನ್ನೂ ಸಮೀಪದಲ್ಲಿ, ಹೆಚ್ಚು ಬಲದಿಂದ. ಇಂದು ಬಳಕೆಯಲ್ಲಿರುವ ೬೫ ಸೆಂಟಿಮೀಟರ್ ತಂತಿಗೆ ಇದನ್ನು ಅನ್ವಯಿಸಿದರೆ ಮೊದಲನೆಯದು ಆರೂವರೆ ಸೆಂಟಿಮೀಟರ್, ಎರಡನೆಯದು ಸುಮಾರು ಎಂಟು ಸೆಂಟಿಮೀಟರ್ ಆಗುತ್ತದೆ. ಒಂದೂವರೆ ಸೆಂಟಿಮೀಟರಿನ ಅಂತರದಲ್ಲಿ ನಾದದ ಬಣ್ಣ ಬದಲಾಗುವುದನ್ನು ಕಿವಿಯಿಂದ ಹಿಡಿದು ಅಳತೆಗೆ ತಂದುದು ಸಾಮಾನ್ಯವಾದ ಸಾಧನೆಯಲ್ಲ.

ಭೌತಶಾಸ್ತ್ರವು ಇದಕ್ಕೆ ಕೊಡುವ ಕಾರಣ ಹೀಗಿದೆ. ಮೀಟಿದ ತಂತಿಯು ಒಂದೇ ಸ್ವರವನ್ನು ನುಡಿಯುವುದಿಲ್ಲ. ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯ ಉಪಸ್ವರಗಳೂ ಹೊರಡುತ್ತವೆ. ಯಾವ ಉಪಸ್ವರಕ್ಕೆ ಮೀಟುವ ಸ್ಥಳವು ನಿಶ್ಚಲಬಿಂದುವಾಗುವುದೋ ಆ ಉಪಸ್ವರವು ಹುಟ್ಟಲಾರದು. ಹತ್ತನೆಯ ಪಾಲಿನಲ್ಲಿ ಮೀಟಿದರೆ ಹತ್ತನೆಯದೂ, ಎಂಟನೆಯ ಪಾಲಿನಲ್ಲಿ ಮೀಟಿದರೆ ಎಂಟನೆಯದೂ ಅಡಗುತ್ತದೆ. ಕುದುರೆಗೆ ಸಮೀಪಿಸಿದಷ್ಟೂ ಮೂಲಸ್ವರಕ್ಕೆ ಹೋಲಿಸಿದಲ್ಲಿ ಮೇಲಿನ ಉಪಸ್ವರಗಳು ಬಲಗೊಂಡು ನಾದವು ತೀಕ್ಷ್ಣವೂ ಅನುನಾಸಿಕವೂ ಆಗುತ್ತದೆ. ದೂರ ಸರಿದಷ್ಟೂ ಅವು ಕುಗ್ಗಿ ನಾದವು ದುಂಡಗಾಗುತ್ತದೆ. ಸೋರನ ಅಳತೆಗಳು ಈ ಗಣಿತಕ್ಕೆ ವಿರೋಧವಾಗಿಲ್ಲ.

ಈ ಸೂಕ್ಷ್ಮತೆಯನ್ನು ಸೋರನು ವಾದ್ಯವೃಂದದ ಅನುಕರಣಕ್ಕೆ ಬಳಸುತ್ತಾನೆ. ಕೊಂಬು, ತುತ್ತೂರಿ, ಓಬೋ, ಹಾರ್ಪ್ ಮೊದಲಾದುವುಗಳ ಧ್ವನಿಯನ್ನು ಗಿಟಾರಿನಲ್ಲಿ ಹೇಗೆ ಸೂಚಿಸಬಹುದೆಂದು ವಿವರಿಸುತ್ತಾನೆ. ಓಬೋ ವಾದ್ಯದ ಅನುನಾಸಿಕ ಧ್ವನಿಗಾಗಿ ಕುದುರೆಯ ಸಮೀಪದಲ್ಲಿ ಬೆರಳನ್ನು ಬಾಗಿಸಿ ಉಗುರಿನಿಂದ ಮೀಟುವುದನ್ನು ಒಪ್ಪುತ್ತಾನೆ. ಆದರೆ ಉಗುರಿಗೆ ಅವನು ಕೊಡುವ ಅವಕಾಶ ಇಷ್ಟು ಮಾತ್ರ. ಉಗುರಿನಿಂದ ನುಡಿಸುವವರ ನಾದವನ್ನು ತಾನು ಸಹಿಸಲಾರೆನೆಂಬ ಕಠಿನವಾದ ಅಭಿಪ್ರಾಯವನ್ನು ವ್ಯಕ್ತಪಡಿಸಿ, ತನ್ನ ಮಿತ್ರನಾದ ಅಗ್ವಾದೊ ಒಬ್ಬನಿಗೆ ಮಾತ್ರ ಅದರಿಂದ ವಿನಾಯಿತಿಯನ್ನು ಕೊಡುತ್ತಾನೆ. ಅಗ್ವಾದೊ ಉಗುರಿನಿಂದ ನುಡಿಸುತ್ತಿದ್ದವನು. ಇಬ್ಬರೂ ಕೂಡಿ ನುಡಿಸುವುದಕ್ಕಾಗಿ ಸೋರನು 'ಇಬ್ಬರು ಮಿತ್ರರು' ಎಂಬ ಯುಗಳವಾದನಕೃತಿಯನ್ನು ರಚಿಸಿದನು. ಸಿದ್ಧಾಂತದಲ್ಲಿ ಪ್ರತಿಪಕ್ಷಿಗಳಾಗಿದ್ದವರು ರಂಗದಲ್ಲಿ ಜೊತೆಗಾರರಾಗಿದ್ದುದು ಗಮನಾರ್ಹ.

೫

ನುಡಿಸುವುದು ಬೇರೆ, ತಿಳಿಯುವುದು ಬೇರೆ ಎಂಬುದನ್ನು ಸೋರನು ಒಪ್ಪುವುದಿಲ್ಲ. ದಂಡಿಯ ಮೇಲೆ ಯಾವ ಬೆರಳನ್ನು ಎಲ್ಲಿಡಬೇಕೆಂದು ಕಂಠಪಾಠ ಮಾಡಿದವನು ವಾದ್ಯವನ್ನು ಬಲ್ಲವನಲ್ಲ. ಅಲ್ಲಿ ಆ ಸ್ವರವೇಕೆ ಇದೆಯೆಂದು ಬಲ್ಲವನೇ ಬಲ್ಲವನು. ಇದಕ್ಕಾಗಿ ಅವನು ಒಂದೊಂದು ತಂತಿಯ ಉದ್ದಕ್ಕೂ ಸ್ವರಶ್ರೇಣಿಯನ್ನು, ಪೂರ್ಣಾಂತರಕ್ಕೆ ಎರಡು ಮೆಟ್ಟಿಲು, ಅರ್ಧಾಂತರಕ್ಕೆ ಒಂದು ಮೆಟ್ಟಿಲು ಎಂಬ ಲೆಕ್ಕದಿಂದ ಕಂಡುಕೊಳ್ಳುವಂತೆ ಮಾಡುತ್ತಾನೆ. ಅನಂತರ ಎರಡು ತಂತಿಗಳ ಮೇಲೆ ತೃತೀಯಾಂತರಗಳನ್ನೂ ಷಷ್ಠಾಂತರಗಳನ್ನೂ ಏರಿಳಿಸುತ್ತಾನೆ. ಗಿಟಾರನ್ನು ಸ್ವರಸಂವಾದದ ವಾದ್ಯವನ್ನಾಗಿ ವಶಪಡಿಸಿಕೊಳ್ಳುವ ಬೀಗದ ಕೈ ಇದೇ ಎಂಬುದು ಅವನ ಪ್ರತಿಪಾದನೆ. ಈ ಎರಡು ಅಂತರಗಳನ್ನು ತಿಳಿದವನು ಯಾವುದೇ ಸ್ವರಗುಚ್ಛವನ್ನು ಬಿಡಿಸಿ ನೋಡಬಲ್ಲನು, ಕಟ್ಟಬಲ್ಲನು. ತಿಳಿಯದವನು ಗುಚ್ಛದ ಆಕೃತಿಯನ್ನು ಮಾತ್ರ ಬಲ್ಲನು. ವ್ಯಾಕರಣವನ್ನು ತಿಳಿದು ವಾಕ್ಯವನ್ನು ರಚಿಸುವವನಿಗೂ ಪ್ರಯಾಣಿಕರ ಕೈಪಿಡಿಯಿಂದ ವಾಕ್ಯಗಳನ್ನು ಎತ್ತಿ ಹೇಳುವವನಿಗೂ ಇರುವ ಭೇದವೇ ಇದು.

ಇಲ್ಲಿ ಮೆಟ್ಟಿಲುಗಳ ಗಣಿತವನ್ನೂ ಸ್ಮರಿಸಬಹುದು. ಗಿಟಾರಿನ ಅಷ್ಟಕವು ಹನ್ನೆರಡು ಸಮಭಾಗಗಳಾಗಿ ಒಡೆದಿದೆ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಕಂಪನಸಂಖ್ಯೆಯು ಸುಮಾರು ೧.೦೫೯೫ ಪಾಲು ಏರುತ್ತದೆ. ೧೫೮೧ರಲ್ಲಿ ವಿಂಚೆಂಜೊ ಗಲಿಲಿಯು, ಉಳಿದ ತಂತಿಯ ಹದಿನೆಂಟನೆಯ ಒಂದು ಪಾಲನ್ನು ಪ್ರತಿ ಮೆಟ್ಟಿಲಿಗೂ ಕಳೆಯುತ್ತ ಹೋಗುವ ಸುಲಭಸೂತ್ರವನ್ನು ಮುಂದಿಟ್ಟನು. ಕುಶಲಕರ್ಮಿಗಳು ಬಹುಕಾಲ ಅದನ್ನೇ ಅನುಸರಿಸಿದರು. ಅದರಂತೆ ಲೆಕ್ಕ ಹಾಕಿದರೆ ೬೫೦ ಮಿಲಿಮೀಟರ್ ತಂತಿಯಲ್ಲಿ ಹನ್ನೆರಡನೆಯ ಮೆಟ್ಟಿಲಿನಿಂದ ಕುದುರೆಗೆ ೩೨೫ರ ಬದಲು ಸುಮಾರು ೩೨೭ ಮಿಲಿಮೀಟರ್ ಉಳಿಯುತ್ತದೆ. ಸ್ವರವು ಸ್ವಲ್ಪ ಇಳಿಯಬೇಕು. ಆದರೆ ಬೆರಳಿನಿಂದ ಒತ್ತಿದಾಗ ತಂತಿಯು ಕಿಂಚಿತ್ತು ಬಿಗಿಯಾಗಿ ಸ್ವರವು ಏರುವುದರಿಂದ ಆ ದೋಷವು ಕೆಲಮಟ್ಟಿಗೆ ಮುಚ್ಚಿಹೋಗುತ್ತಿತ್ತು. ಲೆಕ್ಕಕ್ಕೂ ಕೈಗೂ ನಡುವೆ ಹೀಗೆ ಯಾವಾಗಲೂ ಒಂದು ಸಣ್ಣ ಸಂಧಾನವಿರುತ್ತದೆ.

೬

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮರೆಮಾಡುವುದು ವಿಮರ್ಶೆಯಾಗಲಾರದು. ಅವು ಮುಖ್ಯವಾಗಿ ಮೂರು.

ಮೊದಲನೆಯದು, ತನ್ನ ಶರೀರವನ್ನೇ ಎಲ್ಲರ ಶರೀರವೆಂದು ಭಾವಿಸಿದುದು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಇವುಗಳ ತುದಿಗಳು ತಂತಿಗಳ ಸಾಲಿಗೆ ಸಮರೇಖೆಯಾಗಿ ನಿಲ್ಲುತ್ತವೆ. ಉಂಗುರಬೆರಳು ಈ ರೇಖೆಗೆ ಒಗ್ಗದೆ, ಬಲದಲ್ಲಿಯೂ ಕಡಮೆಯಾಗಿದೆ. ಆದುದರಿಂದ ನಾಲ್ಕು ಸ್ವರಗಳು ಕೂಡಿದಲ್ಲಿ ಮಾತ್ರ ಅದಕ್ಕೆ ಕೆಲಸ. ಇದು ಸೋರನ ವಾದ. ಬಲಹೀನವಾದುದಕ್ಕೆ ಕೆಲಸವನ್ನು ಕೊಡದಿರುವುದು ವಿವೇಕವಾಗಿ ತೋರುತ್ತದೆ. ಆದರೆ ಕೆಲಸವನ್ನು ಕೊಡದೆ ಬಲವು ಬರುವುದೆಂತು ಎಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಮುಂದೆ ಫ್ರಾನ್ಸಿಸ್ಕೊ ತಾರೇಗನು (೧೮೫೨–೧೯೦೯) ರಚಿಸಿದ ಆಲ್‌ಹಾಂಬ್ರದ ಸ್ಮರಣೆಗಳೆಂಬ ಪ್ರಸಿದ್ಧಕೃತಿಯನ್ನು ಹೆಬ್ಬೆರಳು, ಉಂಗುರಬೆರಳು, ನಡುಬೆರಳು, ತೋರುಬೆರಳು ಎಂಬ ಕ್ರಮದಲ್ಲಿ ಎಡೆಬಿಡದೆ ಮೀಟಿ ನುಡಿಸುವುದೇ ವಾಡಿಕೆಯಾಯಿತು. ಸೋರನು ದುರ್ಬಲವೆಂದು ಬದಿಗಿಟ್ಟ ಬೆರಳಿಲ್ಲದೆ ಆ ಕೃತಿಯ ನಾದಪ್ರವಾಹವಿಲ್ಲ.

ಎರಡನೆಯದು, ಸೋಪಾನಕ್ರಮದ ಕೊರತೆ. ಹೇತುವನ್ನು ತಿಳಿಸಿದರೆ ಅಭ್ಯಾಸವು ತಾನಾಗಿ ಹಿಂಬಾಲಿಸುವುದೆಂಬ ನಂಬಿಕೆಯು ಗ್ರಂಥದ ತುಂಬ ಇದೆ. ಪ್ರೌಢನಾದ ವಾಚಕನಿಗೆ ಇದು ಹಿತವಾಗಬಹುದು. ಆದರೆ ಮೊದಲ ದಿನ ವಾದ್ಯವನ್ನು ಹಿಡಿದವನು ಕೇಳುವುದು ಹೇತುವನ್ನಲ್ಲ, ಮುಂದಿನ ಹೆಜ್ಜೆಯನ್ನು. ಬೆರಳತುದಿ ನೋಯುವಾಗ, ಒತ್ತಿದ ಸ್ವರವು ಕೀರಲಾಗುವಾಗ, ಅವನಿಗೆ ಬೇಕಾದುದು ಸಣ್ಣದೊಂದು ಪಾಠ. ಅದನ್ನು ಕಾರ್ಕಾಸಿಯು ಕೊಟ್ಟನು. ಶಾಲೆಗಳಲ್ಲಿ ಅವನ ಪುಸ್ತಕವೇ ಹೆಚ್ಚಾಗಿ ನೆಲೆಯೂರಿತು. ಸೋರನಿಗೂ ಈ ಕೊರತೆಯ ಅರಿವು ಇದ್ದಿರಬೇಕು. ಏಕೆಂದರೆ ಆರಂಭದ ವಿದ್ಯಾರ್ಥಿಗಳಿಗಾಗಿ ಇಪ್ಪತ್ತೈದು ಪಾಠಗಳುಳ್ಳ ತನ್ನ ಅರವತ್ತನೆಯ ಕೃತಿಯನ್ನು ಗ್ರಂಥವು ಪ್ರಕಟವಾದ ಮೇಲೆ ಹೊರತಂದನು. ಪಾಠಗಳು ಒಂದೆಡೆ, ವಿಚಾರವು ಇನ್ನೊಂದೆಡೆ ಉಳಿದುದರಿಂದ ಒಂದು ವಿಪರ್ಯಾಸವುಂಟಾಯಿತು. ಅವನ ಪಾಠಕೃತಿಗಳನ್ನು ನುಡಿಸುವವರು ಲೋಕದಲ್ಲಿ ಎಲ್ಲೆಲ್ಲಿಯೂ ಇದ್ದಾರೆ. ಅವುಗಳ ಹಿಂದಿರುವ ವಿಚಾರವನ್ನು ಓದುವವರು ಕೆಲವರೇ. ಆಂದ್ರೇಸ್ ಸೆಗೋವಿಯನು (೧೮೯೩–೧೯೮೭) ೧೯೪೫ರಲ್ಲಿ ಸೋರನ ಇಪ್ಪತ್ತು ಪಾಠಗಳನ್ನು ಆರಿಸಿ ಪ್ರಕಟಿಸಿದ ಮೇಲೆ ಆ ಪಾಠಗಳ ಪ್ರಚಾರವು ಇನ್ನಷ್ಟು ಹೆಚ್ಚಿತು. ಗ್ರಂಥದ ಪ್ರಚಾರವು ಅದಕ್ಕೆ ಸಮನಾಗಿ ಹೆಚ್ಚಲಿಲ್ಲ.

ಮೂರನೆಯದು, ವಾದ್ಯದ ರಕ್ಷಣೆಗೆ ಒಂದು ಪ್ರಕರಣವನ್ನು ಮೀಸಲಿಡದಿರುವುದು. ರಚನೆಯ ವಿಚಾರದಲ್ಲಿ ಸೋರನು ಉದಾಸೀನನಲ್ಲ. ಪ್ಯಾರಿಸ್ಸಿನ ಲಾಕೋಟ್, ಲಂಡನ್ನಿನ ಪನೋರ್ಮೊ, ಕಾದಿಸ್ಸಿನ ಪಾಜೆಸ್ ಮೊದಲಾದ ಕುಶಲಕರ್ಮಿಗಳನ್ನು ಹೆಸರಿಸಿ, ಹಲಗೆ, ದಂಡಿ, ಕುದುರೆಗಳು ಹೇಗಿರಬೇಕೆಂದು ಚರ್ಚಿಸುತ್ತಾನೆ. ಆದರೆ ಕೈಗೆ ಬಂದ ವಾದ್ಯವನ್ನು ದಿನದಿನವೂ ಕಾಪಾಡಿಕೊಳ್ಳುವ ಬಗೆ ವ್ಯವಸ್ಥಿತವಾಗಿ ನಿರೂಪಿತವಾಗಿಲ್ಲ. ಇದು ಸಣ್ಣ ಲೋಪವೆಂದು ತೋರಬಹುದು, ಹಾಗಲ್ಲ. ಆ ಕಾಲದಲ್ಲಿ ಮೇಲಿನ ಮೂರು ತಂತಿಗಳು ಕರುಳಿನವು. ಕೆಳಸ್ವರದ ಮೂರು, ರೇಷ್ಮೆಯ ಎಳೆಗಳ ಮೇಲೆ ಲೋಹದ ತಂತಿಯನ್ನು ಸುತ್ತಿದವು. ಕರುಳಿನ ತಂತಿಯು ಹವೆಯ ತೇವಕ್ಕೆ ತಕ್ಕಂತೆ ಶ್ರುತಿಯನ್ನು ಬದಲಿಸುತ್ತದೆ. ಬಳಕೆಯಿಂದ ಮೆಟ್ಟಿಲುಗಳ ಮೇಲೆ ಸವೆದು ದಪ್ಪವು ಅಸಮವಾದರೆ ಅಪಸ್ವರವನ್ನು ನುಡಿಯುತ್ತದೆ. ಮರವು ಎಳೆಯ ಉದ್ದಕ್ಕೆ ಅಷ್ಟಾಗಿ ವ್ಯತ್ಯಾಸಗೊಳ್ಳದಿದ್ದರೂ ಅಡ್ಡಕ್ಕೆ ತೇವದಿಂದ ಹಿಗ್ಗುತ್ತದೆ, ಶುಷ್ಕತೆಯಿಂದ ಕುಗ್ಗುತ್ತದೆ. ಹೆಚ್ಚು ಕುಗ್ಗಿದರೆ ಮೇಲ್ಹಲಗೆ ಸೀಳುತ್ತದೆ. ಹೆಚ್ಚು ಹಿಗ್ಗಿದರೆ ಹಲಗೆ ಉಬ್ಬಿ ತಂತಿಗಳು ದಂಡಿಯಿಂದ ಮೇಲೆದ್ದು ಒತ್ತುವುದು ಕಷ್ಟವಾಗುತ್ತದೆ. ಹವೆಯ ಸಾಪೇಕ್ಷ ಆರ್ದ್ರತೆಯು ಶೇಕಡ ೪೫ರಿಂದ ೫೫ರವರೆಗೆ ಇದ್ದರೆ ವಾದ್ಯಕ್ಕೆ ಕ್ಷೇಮವೆಂದು ಇಂದಿನ ಕುಶಲಕರ್ಮಿಗಳು ಹೇಳುವುದು ಇದರಿಂದಲೇ.

ಈ ವಿಷಯಗಳನ್ನು ತಿಳಿಯದ ವಿದ್ಯಾರ್ಥಿಯು ವಾದ್ಯದ ತಪ್ಪನ್ನು ತನ್ನ ತಪ್ಪೆಂದೂ, ತನ್ನ ತಪ್ಪನ್ನು ವಾದ್ಯದ ತಪ್ಪೆಂದೂ ಭ್ರಮಿಸುತ್ತಾನೆ. ಸವೆದ ತಂತಿಯ ಅಪಸ್ವರವನ್ನು ಕೇಳಿ ತನ್ನ ಕಿವಿಯನ್ನು ಶಂಕಿಸುವವನು ಎಷ್ಟು ಹೇತುಗಳನ್ನು ಓದಿದರೂ ಮುಂದುವರಿಯಲಾರನು. ಇದನ್ನು ನಿರ್ಣಯಿಸುವ ಸರಳ ಪರೀಕ್ಷೆಯೊಂದುಂಟು: ಹನ್ನೆರಡನೆಯ ಮೆಟ್ಟಿಲಿನ ನೇರದಲ್ಲಿ ತಂತಿಯನ್ನು ಒತ್ತದೆ ಮುಟ್ಟಿ ಮೀಟಿದಾಗ ಬರುವ ಉಪಸ್ವರವೂ, ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಆಗದಿದ್ದರೆ ದೋಷವು ತಂತಿಯಲ್ಲಿಯೋ ಮೆಟ್ಟಿಲಿನಲ್ಲಿಯೋ ಕುದುರೆಯಲ್ಲಿಯೋ ಇದೆ. ಹೊಸ ತಂತಿಯನ್ನು ಹಾಕಿದ ಮೇಲೆಯೂ ಉಳಿದರೆ ತಂತಿಯಲ್ಲಿಲ್ಲ. ಈ ಪರೀಕ್ಷೆಗೆ ಬೇಕಾದ ಅಂಗಗಳೆಲ್ಲವೂ ಸೋರನ ಉಪಸ್ವರಪ್ರಕರಣದಲ್ಲಿಯೂ ದಂಡಿಯ ಪ್ರಕರಣದಲ್ಲಿಯೂ ಇವೆ. ರಕ್ಷಣೆಯೆಂಬುದು ಸೇವಕರ ಕೆಲಸ, ವಿಚಾರವೆಂಬುದು ಕಲಾವಿದನ ಕೆಲಸ ಎಂಬ ವಿಭಾಗವನ್ನು ಅವನಷ್ಟು ವಿವೇಕಿಯು ಒಪ್ಪತಕ್ಕುದಾಗಿರಲಿಲ್ಲ. ವಾದ್ಯವನ್ನು ಕಾಪಾಡುವುದೂ ಅದನ್ನು ತಿಳಿಯುವುದರ ಒಂದು ಭಾಗವೇ.

೭

ಕಾಲವು ಈ ಗ್ರಂಥವನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ಇನ್ನು ನೋಡಬಹುದು. ಸೋರನ ಶಿಷ್ಯನಾದ ನೆಪೋಲಿಯನ್ ಕೋಸ್ತನು ಇದನ್ನು ಪರಿಷ್ಕರಿಸಿ ಮತ್ತೆ ಹೊರತಂದನು. ಮೇಜಿನ ಮೂಲೆಯು ಬಳಕೆಯಿಂದ ಹೋಯಿತು. ವಾದ್ಯವನ್ನು ಶರೀರದಿಂದ ಬಿಡಿಸಿ ನಿಲ್ಲಿಸುವುದಕ್ಕಾಗಿ ಅಗ್ವಾದೊ ಕಲ್ಪಿಸಿ, ೧೮೪೩ರ ತನ್ನ ಹೊಸ ಗ್ರಂಥದಲ್ಲಿ ವಿವರಿಸಿದ ಮೂರುಕಾಲಿನ ಆಧಾರವೂ ಹೋಯಿತು. ಆಂತೋನಿಯೊ ದೆ ತೋರೆಸ್ ಎಂಬ ಕುಶಲಕರ್ಮಿಯು (೧೮೧೭–೧೮೯೨) ವಾದ್ಯದ ಒಡಲನ್ನು ಹಿಗ್ಗಿಸಿ ಇಂದಿನ ಆಕಾರಕ್ಕೆ ತಂದ ಮೇಲೆ ಎಡಗಾಲಿನ ಕೆಳಗೆ ಸಣ್ಣ ಪೀಠವನ್ನಿಟ್ಟು ಎಡತೊಡೆಯ ಮೇಲೆ ವಾದ್ಯವನ್ನು ನಿಲ್ಲಿಸುವುದು ರೂಢಿಯಾಯಿತು. ನಾದವು ಮುಖ್ಯವಾಗಿ ಮೇಲ್ಹಲಗೆಯಿಂದ ಹೊರಡುತ್ತದೆಂಬುದನ್ನು ತೋರಿಸುವುದಕ್ಕಾಗಿ ಅದೇ ತೋರೆಸ್, ಪಕ್ಕಗಳನ್ನೂ ಬೆನ್ನನ್ನೂ ಕಾಗದದ ಮುದ್ದೆಯಿಂದ ಮಾಡಿದ ಒಂದು ಗಿಟಾರನ್ನು ೧೮೬೨ರಲ್ಲಿ ನಿರ್ಮಿಸಿದನು. ವಾದ್ಯನಿರ್ಮಾಣದಲ್ಲಿ ಹೇತುವನ್ನು ಕೇಳಿದ ಸೋರನ ಪ್ರಶ್ನೆಗೆ ಇದು ಪ್ರಯೋಗರೂಪವಾದ ಉತ್ತರವೆನ್ನಬಹುದು. ೧೯೪೦ರ ದಶಕದಲ್ಲಿ ನೈಲಾನ್ ತಂತಿಗಳು ಬಂದು ಕರುಳಿನ ತಂತಿಗಳ ಸ್ಥಾನವನ್ನು ಆಕ್ರಮಿಸಿದುವು.

ಉಗುರಿನ ವಿಚಾರವೊಂದು ಮಾತ್ರ ಇತ್ಯರ್ಥವಾಗಲಿಲ್ಲ. ತಾರೇಗನು ತನ್ನ ಕೊನೆಗಾಲದಲ್ಲಿ ಉಗುರನ್ನು ಬಿಟ್ಟು ಬೆರಳಿನ ಮಾಂಸಭಾಗದಿಂದಲೇ ನುಡಿಸತೊಡಗಿದನು. ಅವನ ಶಿಷ್ಯನಾದ ಎಮಿಲಿಯೊ ಪುಜೋಲನು ಅದನ್ನೇ ಅನುಸರಿಸಿ, ಈ ವಿವಾದವನ್ನೇ ವಿಷಯವನ್ನಾಗಿ ಮಾಡಿಕೊಂಡು ಪ್ರಬಂಧವನ್ನು ಬರೆದನು. ಸೆಗೋವಿಯನು ಉಗುರನ್ನೂ ಮಾಂಸವನ್ನೂ ಕೂಡಿಸಿ ಮೀಟಿದನು. ಬಹುಮಂದಿ ಅವನ ದಾರಿಯನ್ನೇ ಹಿಡಿದರು. ಪ್ರತಿಯೊಬ್ಬನೂ ಸೋರನು ಎತ್ತಿದ ಪ್ರಶ್ನೆಯನ್ನೇ ಕೇಳಿದನು: ಮೀಟುವ ವಸ್ತುವಿನ ಗುಣವು ನಾದದ ಗುಣವನ್ನು ಎಷ್ಟರಮಟ್ಟಿಗೆ ನಿರ್ಣಯಿಸುತ್ತದೆ? ಉತ್ತರಗಳು ಬೇರೆಯಾದುವು, ಪ್ರಶ್ನೆ ಉಳಿಯಿತು.

ಲೇಖನದ ಆರಂಭದಲ್ಲಿ ಎತ್ತಿದ ಸಂಶಯಕ್ಕೆ ಇಲ್ಲಿ ಸಮಾಧಾನ ದೊರೆಯುತ್ತದೆ. ಹೇತುವಿಲ್ಲದ ವಿಧಿಯನ್ನು ಕುರಿತು ಶಿಷ್ಯನು ಮಾಡಬಹುದಾದುದು ಎರಡೇ: ಒಪ್ಪುವುದು ಅಥವಾ ಬಿಡುವುದು. ಹೇತುಸಹಿತವಾದ ವಿಧಿಯನ್ನು ಕುರಿತು ಮೂರನೆಯದೊಂದು ಸಾಧ್ಯವಾಗುತ್ತದೆ, ಅದೇ ತಿದ್ದುವುದು. ವಾದ್ಯದ ನಡುವು ಶರೀರದ ನಡುವಿಗೆ ಬರಬೇಕೆಂಬ ಹೇತುವನ್ನು ಒಪ್ಪಿ ಮೇಜನ್ನು ಬಿಡಬಹುದು. ಬೆರಳುಗಳ ಬಲಾಬಲವನ್ನು ನೋಡಬೇಕೆಂಬ ಹೇತುವನ್ನು ಒಪ್ಪಿ, ದುರ್ಬಲವಾದುದನ್ನು ಅಭ್ಯಾಸದಿಂದ ಬಲಪಡಿಸಬಹುದು. ಸೋರನ ವಿಧಿಗಳನ್ನು ಮುಂದಿನವರು ಖಂಡಿಸಿದುದು ಬಹುಮಟ್ಟಿಗೆ ಅವನೇ ಕೊಟ್ಟ ಆಯುಧದಿಂದ. ಗ್ರಂಥದ ಸೋಲೆಂದು ತೋರುವುದೇ ಅದರ ಗೆಲುವಾಗಿದೆ.

ಕನ್ನಡನಾಡಿನ ವಾಚಕರಿಗೆ ಇಲ್ಲಿ ಇನ್ನೊಂದು ಪರಂಪರೆ ನೆನಪಿಗೆ ಬರದಿರದು. ವಿಜಯನಗರದ ರಾಮರಾಜನ ಆಶ್ರಯದಲ್ಲಿ ರಾಮಾಮಾತ್ಯನು ೧೫೫೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಸ್ವರಮೇಳಕಲಾನಿಧಿ'ಯಲ್ಲಿ ವೀಣಾಪ್ರಕರಣವೊಂದುಂಟು. ಶುದ್ಧಮೇಳವೀಣೆ, ಮಧ್ಯಮೇಳವೀಣೆ, ಅಚ್ಯುತರಾಜೇಂದ್ರಮೇಳವೀಣೆ ಎಂಬ ಮೂರು ಬಗೆಗಳನ್ನು ಹೇಳಿ, ತಂತಿಗಳ ಶ್ರುತಿಯಿಂದ ಮೆಟ್ಟಿಲುಗಳ ಸ್ಥಾನವನ್ನು ಸಾಧಿಸುತ್ತ, ಸ್ವಯಂಭೂಸ್ವರಗಳನ್ನು ಪ್ರಮಾಣವಾಗಿಟ್ಟುಕೊಂಡು ಆ ಪ್ರಕರಣವು ನಡೆಯುತ್ತದೆ. ಮುಂದಿನ ಶತಮಾನದಲ್ಲಿ ವೆಂಕಟಮಖಿಯು 'ಚತುರ್ದಂಡೀಪ್ರಕಾಶಿಕೆ'ಯಲ್ಲಿ ರಾಮಾಮಾತ್ಯನನ್ನು ಕಠಿನವಾಗಿ ಖಂಡಿಸಿದನು. ಆ ಖಂಡನೆಯು ಸಾಧ್ಯವಾದುದು ಏಕೆ? ರಾಮಾಮಾತ್ಯನು ತನ್ನ ಲೆಕ್ಕವನ್ನು ಬಯಲಿನಲ್ಲಿ ಇಟ್ಟಿದ್ದನಾದುದರಿಂದ. ಎರಡು ದೇಶಗಳ, ಪರಸ್ಪರ ಸಂಬಂಧವಿಲ್ಲದ ಎರಡು ಗ್ರಂಥಗಳು ಒಂದೇ ಧರ್ಮವನ್ನು ಪಾಲಿಸಿವೆ.

ಈ ಧರ್ಮವು ವಾದ್ಯಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಛಂದಸ್ಸನ್ನೋ ವ್ಯಾಕರಣವನ್ನೋ ಕಲಿಸುವವನೂ ಸೋರನು ನಿಂತ ಕವಲಿನಲ್ಲಿಯೇ ನಿಲ್ಲುತ್ತಾನೆ. ಸೂತ್ರವನ್ನು ಮಾತ್ರ ಕೊಟ್ಟರೆ ಪಾಠವು ಬೇಗ ಸಾಗುತ್ತದೆ, ಗುರುವಿನ ಮಾತಿಗೆ ಎದುರಿರುವುದಿಲ್ಲ. ಹೇತುವನ್ನು ಕೊಟ್ಟರೆ ಪಾಠವು ನಿಧಾನವಾಗುತ್ತದೆ; ಶಿಷ್ಯನು ಒಂದು ದಿನ ಗುರುವನ್ನು ತಿದ್ದುವ ಅಪಾಯವೂ ಒದಗುತ್ತದೆ. ಸೋರನು ಆ ಅಪಾಯವನ್ನು ಅಂಗೀಕರಿಸಿದನು. ಸೋಪಾನಕ್ರಮದಲ್ಲಿಯೂ ವಾದ್ಯರಕ್ಷಣೆಯಲ್ಲಿಯೂ ಅವನ ಗ್ರಂಥವು ಅಪೂರ್ಣವೆಂಬುದು ನಿಜ. ಕಾರ್ಕಾಸಿಯ ಪಾಠಮಾಲೆಯನ್ನು ಕೈಯಲ್ಲಿಟ್ಟುಕೊಳ್ಳದೆ ಇದೊಂದರಿಂದಲೇ ಕಲಿಯಹೊರಡುವವನು ಕಷ್ಟಪಡುವನು. ಆದರೆ ಪಾಠಮಾಲೆಯಿಂದ ಕಲಿತು ಬಂದವನು ತಾನು ಕಲಿತುದೇನೆಂದು ತಿಳಿಯಬೇಕಾದರೆ ಮರಳಿ ಈ ಗ್ರಂಥಕ್ಕೇ ಬರಬೇಕು. ವಿದ್ಯೆಯ ಆರಂಭಕ್ಕೆ ಒದಗದೆ ಅದರ ಪರಿಪಾಕಕ್ಕೆ ಒದಗುವ ಇಂತಹ ಶಿಕ್ಷಣಗ್ರಂಥಗಳ ಪಂಕ್ತಿಯಲ್ಲಿ ಸೋರನ ಕೃತಿಗೆ ಗೌರವದ ಸ್ಥಾನವು ಸಲ್ಲತಕ್ಕದ್ದು.